ಮುಚ್ಚಳದ ಒಳಗಿನ ಸಂಖ್ಯೆಗಳು

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಮೀನುಗಳನ್ನು ಆರಿಸಿಕೊಂಡದ್ದು ನಮ್ಮ ಮನೆಯಲ್ಲಿ ಕೆಲವು ದಿನ ನಗೆಯ ವಿಷಯವಾಗಿತ್ತು. ನಮ್ಮದು ಲಿಂಗ ಕಟ್ಟಿದ ಮನೆ. ಮೀನನ್ನು ತಟ್ಟೆಯಲ್ಲಿ ಇರಲಿ, ಬುಟ್ಟಿಯಲ್ಲಿಯೂ ಹತ್ತಿರದಿಂದ ಕಂಡವರಲ್ಲ.

"ಕಂಪ್ಯೂಟರ್ ಓದ್ತೀನಿ ಅಂತ ಹೋದೋಳು ಮೀನು ಹಿಡಿಯೋಕೆ ನಿಂತ್ಲು" ಎಂದು ಅಮ್ಮ ಪಕ್ಕದ ಮನೆಯವರಿಗೆ ಕೇಳುವ ಹಾಗೆ ಹೇಳಿದರು.

"ಹಿಡಿಯಲ್ಲಮ್ಮ. ಲೆಕ್ಕ ಮಾಡೋದು ಅಷ್ಟೆ."

"ಮಾಡು. ಲೆಕ್ಕ ತಪ್ಪಿದ್ರೂ ಚಿಂತೆ ಇಲ್ಲ, ಮನೆಗೆ ಮಾತ್ರ ತರಬೇಡ."

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮ ವಾಸ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ನಾನು ಅಲ್ಲಿಂದ ದಿನಾ ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿಬರುತ್ತಿದ್ದೆ. ನನ್ನ ತರಗತಿಯ ಹೆಚ್ಚಿನವರು ಅಂಗಡಿ ಬಿಲ್ಲು, ಗ್ರಂಥಾಲಯದ ಪುಸ್ತಕ, ಪರೀಕ್ಷಾ ಶುಲ್ಕ ಇಂಥವುಗಳಿಗೆ ಪ್ರೋಗ್ರಾಂ ಬರೆಯಲು ಹೊರಟಿದ್ದರು. ನಾನು ಪ್ರಾಣಿಶಾಸ್ತ್ರ ವಿಭಾಗದ ಒಬ್ಬ ಮೇಡಂ ಹತ್ತಿರ ಹೋದೆ. ಅವರ ಬಳಿ ಮೀನಿನ ಪಟ್ಟಿಗಳಿದ್ದವು. ಗಾಜನೂರಿನ ಅಣೆಕಟ್ಟಿನ ಮೇಲೆ, ಹೊಳಲೂರಿನ ಹತ್ತಿರ, ಭದ್ರಾ ನದಿ ನಮ್ಮೂರನ್ನು ದಾಟುವಲ್ಲಿ, ಹೀಗೆ ಹಲವು ಕಡೆ ವರ್ಷಗಟ್ಟಲೆ ನಿಂತು, ಬಲೆಗಾರರೊಂದಿಗೆ ಮಾತಾಡಿ ಬರೆದುಕೊಂಡ ಪಟ್ಟಿಗಳು.

"ಎರಡು ಜಾಗದಲ್ಲೂ ಇಪ್ಪತ್ತಿಪ್ಪತ್ತು ಜಾತಿ ಸಿಕ್ತು ಅಂದ್ಕೊ" ಎಂದರು ಮೇಡಂ, ಮೊದಲ ದಿನ. "ಒಂದು ಕಡೆ ಇಪ್ಪತ್ತೂ ಗೆಂಡೆ ಮೀನಿನ ದಾಯಾದಿಗಳು. ಇನ್ನೊಂದು ಕಡೆ ಗೆಂಡೆ ಜೊತೆ ಚೇಳುಮೀನು, ಹಾವುಮೀನು ಎಲ್ಲ ಇವೆ. ಎರಡೂ ಹೊಳೆ ಸಮಾನ ಅಂತೀಯಾ?"

"ಇಲ್ಲ ಮೇಡಂ."

"ಎಷ್ಟು ಅಸಮಾನ? ಅದನ್ನ ಹೇಳು ನಂಗೆ."

ಅದಕ್ಕೆ ಒಂದು ಅಳತೆ ಇತ್ತು. ಮೀನುಗಳ ವಂಶವೃಕ್ಷವನ್ನು ಬರೆಯುತ್ತಾರೆ. ಬುಡದಲ್ಲಿ ಎಲ್ಲಕ್ಕೂ ಹಿರಿಯದಾದ ಒಂದು ಮೂಲ; ಅಲ್ಲಿಂದ ಕವಲು, ಕವಲಿಗೆ ಕವಲು; ಒಂದೊಂದು ತುದಿಗೆ ಒಂದೊಂದು ಜಾತಿ. ಒಂದು ಕೊಂಬೆ ಎಷ್ಟು ಉದ್ದವೋ ಅಷ್ಟು ಕಾಲ ಆ ಕವಲು ಬೇರೆಯಾಗಿ ಬದುಕಿದೆ ಎಂದರ್ಥ. ಒಂದು ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ಈ ಮರದ ಮೇಲೆ ಗುರುತು ಮಾಡಿ, ಅವೆಲ್ಲವನ್ನೂ ಬುಡಕ್ಕೆ ಮುಟ್ಟಿಸಲು ಬೇಕಾಗುವ ಕೊಂಬೆಗಳ ಉದ್ದವನ್ನು ಕೂಡಿದರೆ ಆ ಹೊಳೆಯ ವೈವಿಧ್ಯ ಸಿಗುತ್ತದೆ. ದಾಯಾದಿಗಳಾದರೆ ಒಂದೇ ಕೊಂಬೆಯನ್ನು ಹಂಚಿಕೊಳ್ಳುತ್ತಾರೆ, ಮೊತ್ತ ಚಿಕ್ಕದು. ಹಾವುಮೀನು ಒಂದೇ ಬಂದರೂ ತನ್ನ ಉದ್ದನೆಯ ಕೊಂಬೆಯನ್ನು ಎಳೆದುಕೊಂಡು ಬರುತ್ತದೆ.

ಇಷ್ಟರವರೆಗೆ ಸುಲಭ. ಆದರೆ ಗಾಜನೂರಿನ ಮೊತ್ತ ದೊಡ್ಡದೋ ಚಿಕ್ಕದೋ ಎಂದು ಹೇಳಬೇಕಾದರೆ ಯಾವುದಕ್ಕಾದರೂ ಹೋಲಿಸಬೇಕು. ಘಟ್ಟದ ಹೊಳೆಗಳ ಮೀನುಗಳೆಲ್ಲ ಇರುವ ದೊಡ್ಡ ಮರದಿಂದ ಅಷ್ಟೇ ಸಂಖ್ಯೆಯ ಮೀನುಗಳನ್ನು ಚೀಟಿ ಎತ್ತಿದ ಹಾಗೆ ಕಣ್ಣು ಮುಚ್ಚಿ ಆರಿಸಿದರೆ ಎಷ್ಟು ಮೊತ್ತ ಬರುತ್ತದೆ? ಒಂದು ಸಲ ಎತ್ತಿದರೆ ಸಾಲದು, ಸಾವಿರಾರು ಸಲ ಎತ್ತಬೇಕು. ಪ್ರತಿ ಸಲವೂ ಒಂದೊಂದು ಮೀನಿನಿಂದ ಹೊರಟು ಬುಡದವರೆಗೆ ನಡೆಯಬೇಕು; ಈ ಕೊಂಬೆಯನ್ನು ಆಗಲೇ ಎಣಿಸಿದೆನೇ ಎಂದು ನೋಡಬೇಕು. ಪ್ರತಿ ಜಾಗದ ಪಟ್ಟಿಗೂ ಇದೆಲ್ಲ ಮತ್ತೆ ಮೊದಲಿನಿಂದ.

ನಾನು ಬರೆದ ಪ್ರೋಗ್ರಾಂ ಅದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ವಿಭಾಗದ ಯಂತ್ರಗಳು ಆಗಲೇ ಹಳೆಯವು. ನೂರು ಚೀಟಿಗೆ ಹಿಡಿದ ಸಮಯವನ್ನು ಗುಣಿಸಿ ನೋಡಿದೆ. ಯಂತ್ರ ಒಂದು ಕ್ಷಣವೂ ನಿಲ್ಲದೆ ಓಡಿದರೆ ಹನ್ನೊಂದು ದಿನ. ನನಗೆ ಸಿಗುತ್ತಿದ್ದದ್ದು ವಾರಕ್ಕೆ ಮೂರು ಮಧ್ಯಾಹ್ನ, ಎರಡೆರಡು ಗಂಟೆ. ಅದರ ನಡುವೆ ಕರೆಂಟು ಹೋದರೆ ಮತ್ತೆ ಸೊನ್ನೆಯಿಂದ ಶುರು.

ಲ್ಯಾಬಿನ ಬೀಗದ ಕೈ ಇಟ್ಟುಕೊಂಡಿದ್ದ ಅಟೆಂಡರ್ ದಿನವೂ ಕೇಳುತ್ತಿದ್ದರು. "ಏನಮ್ಮ, ನಿನ್ನ ಮೀನು ಇನ್ನೂ ದಡ ಸೇರಿಲ್ವಾ? ಬೇರೆಯವರದೆಲ್ಲ ಪ್ರಿಂಟ್ ತೆಗೆಯೋ ಹಂತಕ್ಕೆ ಬಂತು."

ಏಪ್ರಿಲ್ ಕೊನೆಯಲ್ಲಿ ಮೇಡಂ ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು. "ಜೂನ್‌ನಲ್ಲಿ ಒಪ್ಪಿಸಬೇಕು. ಮೇ ಮುಗಿಯೋದ್ರೊಳಗೆ ಇದು ಓಡಲಿಲ್ಲ ಅಂದ್ರೆ ನೀನು ಶುಲ್ಕದ್ದೋ ಗ್ರಂಥಾಲಯದ್ದೋ ಯಾವುದಾದ್ರೂ ಒಂದು ಮಾಡಿ ಪಾಸಾಗು. ಮೀನು ಎಲ್ಲೂ ಓಡಿ ಹೋಗಲ್ಲ. ನಿನ್ನ ವರ್ಷ ಹೋಗುತ್ತೆ."

ಆಗಲಿ ಮೇಡಂ ಎಂದೆ. ಬಸ್ಸಿನಲ್ಲಿ ಕೂತಾಗ, ಒಂದು ವರ್ಷ ಹೋದರೂ ಇದನ್ನು ಬಿಡಲು ನನಗೆ ಮನಸ್ಸಿಲ್ಲ ಎಂಬುದು ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಹೇಳುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಕಡಿಮೆ.

ಮೇ ತಿಂಗಳಲ್ಲಿ ನ್ಯೂ ಟೌನು ಖಾಲಿಯಾಗುತ್ತದೆ. ಶಾಲೆಗೆ ರಜೆ ಬಿದ್ದೊಡನೆ ಒಂದೊಂದೇ ಮನೆಯವರು ತಮ್ಮ ತಮ್ಮ ಊರಿಗೆ ಹೊರಡುತ್ತಾರೆ. ಹೊರಡುವ ಮುನ್ನ ಎರಡು ಕಡೆ ಹೇಳಿ ಹೋಗುವುದು ಅಲ್ಲಿನ ರೂಢಿ: ಹಾಲಿನವರಿಗೆ, ಮತ್ತು ನೀರಿನ ಮಾಮನಿಗೆ.

ನೀರಿನ ಮಾಮ ಎಂದರೆ ನಮ್ಮ ಭಾಗಕ್ಕೆ ನೀರು ಬಿಡುತ್ತಿದ್ದವರು. ತಮಿಳು ಮನೆಮಾತು, ಕನ್ನಡ ಮಾತ್ರ ನಮ್ಮೆಲ್ಲರಿಗಿಂತ ಜೋರು. ಹೆಗಲ ಮೇಲೆ ವಾಲ್ವು ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಲಿ ಹೊತ್ತು, ಸೈಕಲ್ಲನ್ನು ತಳ್ಳಿಕೊಂಡೇ ಹೋಗುತ್ತಿದ್ದರು. ಅವರು ಅದರ ಮೇಲೆ ಕೂತು ತುಳಿದದ್ದನ್ನು ನಾನು ನೋಡಿಲ್ಲ. ಟ್ಯಾಂಕಿನಿಂದ ದೊಡ್ಡ ಪೈಪು, ಅದರಿಂದ ಒಂದೊಂದು ರಸ್ತೆಗೆ ಒಂದೊಂದು ಪೈಪು, ರಸ್ತೆಯಿಂದ ಮನೆಗಳ ಹಿಂದಿನ ಒಂದೊಂದು ಲೈನಿಗೆ ಒಂದೊಂದು. ಪ್ರತಿ ಕವಲಿಗೂ ನೆಲದೊಳಗೆ ಒಂದು ವಾಲ್ವು, ಅದರ ಮೇಲೆ ಕಬ್ಬಿಣದ ಮುಚ್ಚಳ. ಪೈಪುಗಳು ಹಳೆಯವಾಗಿ ಕೀಲು ಕೀಲಿನಲ್ಲೂ ಸೋರುತ್ತಿದ್ದವು. ಬೇಸಗೆಯಲ್ಲಿ ಟ್ಯಾಂಕಿನ ನೀರು ಇಳಿದಾಗ, ಯಾರೂ ಇಲ್ಲದ ಲೈನಿಗೆ ನೀರು ತುಂಬಿಸುವುದೆಂದರೆ ಮಣ್ಣಿಗೆ ಸುರಿದಂತೆ. ಅದಕ್ಕೇ ಅವರಿಗೆ ಹೇಳಿ ಹೋಗಬೇಕಾಗಿತ್ತು.

ಆ ಮೇ ತಿಂಗಳಲ್ಲಿ ಅಪ್ಪ ಅಮ್ಮ ದಾವಣಗೆರೆ ಕಡೆ ಒಂದು ಮದುವೆಗೆ ಹೊರಟರು. ಲ್ಯಾಬಿನ ಮಧ್ಯಾಹ್ನಗಳನ್ನು ಬಿಡಲಾರದೆ ನಾನು ಉಳಿದೆ. "ನೀರಿನವರಿಗೆ ಹೇಳಿದೀನಿ" ಎಂದು ಅಪ್ಪ ಬಾಗಿಲಲ್ಲಿ ಹೇಳಿದರು. ಅವರು ಏನು ಹೇಳಿದ್ದರೆಂದರೆ, ರೂಢಿಯಂತೆ, "ಊರಿಗೆ ಹೋಗ್ತಿದೀವಿ." ನಾನು ಉಳಿಯುತ್ತೇನೆಂಬುದನ್ನು ನಾನೇ ಹೇಳಿಕೊಳ್ಳುತ್ತೇನೆ ಎಂದು ಅವರ ಎಣಿಕೆ. ನಾನು ಅಪ್ಪ ಹೇಳಿದ್ದಾರೆಂದುಕೊಂಡು ಸುಮ್ಮನಿದ್ದೆ.

ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ಗಾಳಿ ಮಾತ್ರ ಬಂತು. ನಮ್ಮ ಲೈನಿನ ಆರು ಮನೆಗಳಲ್ಲಿ ಉಳಿದ ಐದು ಆಗಲೇ ಖಾಲಿಯಾಗಿದ್ದವು. ಆಗಿರುವುದೇನೆಂದು ನನಗೆ ಅರ್ಥವಾಯಿತು. ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಒಬ್ಬಳಿಗೋಸ್ಕರ ಅಷ್ಟುದ್ದದ ಪೈಪನ್ನು ತುಂಬಿಸಿ ಎಂದು ಕೇಳುವುದು ಹೇಗೆ ಎನಿಸಿತು. ಹಂಡೆಯಲ್ಲಿದ್ದ ನೀರಿನಲ್ಲಿ ಎರಡು ದಿನ ಕಳೆದೆ. ಮೂರನೆಯ ದಿನ ಕೊಡ ಹಿಡಿದು ಮುಂದಿನ ರಸ್ತೆಯ ಬೀದಿನಲ್ಲಿಗೆ ಹೊರಟೆ. ಎದುರಿಗೆ ಸೈಕಲ್ ತಳ್ಳಿಕೊಂಡು ಅವರೇ ಬಂದರು.

"ನಿಮ್ಮಪ್ಪ ಊರಿಗೆ ಹೋಗ್ತೀವಿ ಅಂದ್ರಲ್ಲಮ್ಮ?"

"ಅವರು ಹೋಗಿದಾರೆ ಮಾಮ. ನಾನಿದೀನಿ."

ಅವರು ಕೊಡವನ್ನು ನೋಡಿದರು. "ಎಷ್ಟು ದಿನ ಆಯ್ತು ನೀರಿಲ್ದೆ?"

"ಇವತ್ತಿಗೆ ಮೂರು."

"ಅಯ್ಯೋ ಕಡವುಳೇ. ಬಾಯಿ ಇಲ್ವಾ ನಿಂಗೆ? ಅಷ್ಟು ಓದ್ತೀಯ, ಮಾಮ ನೀರು ಬಿಡು ಅನ್ನೋಕೆ ಬರಲ್ವಾ?"

"ಒಬ್ಬಳಿಗೋಸ್ಕರ ಪೂರ್ತಿ ಲೈನು ಯಾಕೆ ಅಂತ..."

"ಅದನ್ನ ನೀನ್ಯಾಕೆ ಯೋಚ್ನೆ ಮಾಡ್ತೀಯ ಮಾರಾಯ್ತಿ? ಅದು ನನ್ ಕೆಲ್ಸ. ಆರು ಮನೆ ಇದ್ರೂ ಅಷ್ಟೇ ಪೈಪು ತುಂಬ್ಬೇಕು, ಒಂದು ಮನೆ ಇದ್ರೂ ಅಷ್ಟೇ. ಬಾ ಇಲ್ಲಿ."

ನಮ್ಮ ಲೈನಿನ ಮುಚ್ಚಳವನ್ನು ಕೀಲಿಯ ತುದಿಯಿಂದ ಎತ್ತಿ ಮಗುಚಿದರು. ಇಷ್ಟು ವರ್ಷ ಅದರ ಮೇಲೆಯೇ ನಡೆದಾಡಿದ್ದ ನಾನು ಅದರ ಒಳಮೈಯನ್ನು ಅಂದೇ ಮೊದಲು ನೋಡಿದ್ದು. ಬಿಳಿ ಬಣ್ಣದಲ್ಲಿ ಆರು ಎಂದು ಬರೆದಿತ್ತು, ಲೈನಿನ ಒಟ್ಟು ಮನೆಗಳು. ಅದರ ಪಕ್ಕ ಸೀಮೆಸುಣ್ಣದಲ್ಲಿ ಒಂದು ಸೊನ್ನೆ. ಅವರು ಸೊನ್ನೆಯನ್ನು ಅಂಗೈಯಿಂದ ಒರೆಸಿ ಒಂದು ಎಂದು ಬರೆದರು. ವಾಲ್ವು ತಿರುಗಿಸಿದರು. ಮುಚ್ಚಳ ಹಾಕಿ, ಸೈಕಲ್ ತಳ್ಳಿಕೊಂಡು ರಸ್ತೆಯ ವಾಲ್ವಿನ ಕಡೆ ನಡೆದರು. ಹೋಗಬೇಕೋ ಬೇಡವೋ ತಿಳಿಯದೆ ನಾನು ಖಾಲಿ ಕೊಡ ಹಿಡಿದು ಹಿಂದೆ ಹೋದೆ.

ರಸ್ತೆಯ ಮುಚ್ಚಳದಲ್ಲಿ ಬಣ್ಣದ ಇಪ್ಪತ್ತನಾಲ್ಕು, ಸೀಮೆಸುಣ್ಣದ ಐದು. ಐದನ್ನು ಆರು ಮಾಡಿದರು.

"ಇಲ್ಲೂ ಬರೀಬೇಕಾ ಮಾಮ?"

"ಮೇಲಕ್ಕೂ ಹೇಳ್ಬೇಕಲ್ಲ. ನೀನು ಇದೀಯ ಅಂತ ಟ್ಯಾಂಕ್‌ವರೆಗೂ ಗೊತ್ತಾಗ್ಬೇಕು."

ಟ್ಯಾಂಕಿನ ಬುಡದ ಕೋಣೆಯ ಬಾಗಿಲ ಹಿಂದೆ ಕೊನೆಯ ಸಂಖ್ಯೆ ಇತ್ತು. ಅದಕ್ಕೂ ಒಂದು ಸೇರಿಸಿದರು. ನಾನು ಆಗ ಕೇಳಿದೆ: ಬೆಳಿಗ್ಗೆ ನೀರು ಬಿಡುವಾಗ ಯಾವ ಯಾವ ಮನೆಯಲ್ಲಿ ಜನ ಇದ್ದಾರೆಂದು ಹೇಗೆ ನೆನಪಿಡುತ್ತೀರಿ?

"ಯಾಕೆ ನೆನಪಿಡ್ಲಿ? ಮನೆ ಮನೆ ಬಾಗ್ಲು ತಟ್ಟಿದ್ರೆ ಸಂಜೆ ಆಗುತ್ತೆ. ವಾಲ್ವನ್ನ ಕೇಳಿದ್ರೆ ಆಯ್ತು. ಯಾರು ಇದಾರೆ ಅನ್ನೋದು ನಂಗೆ ಬೇಡ. ಯಾರಾದ್ರೂ ಇದಾರಾ, ಅಷ್ಟು ಸಾಕು. ಸೊನ್ನೆ ಇದ್ರೆ ಮುಚ್ಚು, ಇಲ್ದಿದ್ರೆ ತೆಗಿ."

ನಾನು ಮನೆಗೆ ಬಂದೆ. ನಲ್ಲಿ ಕೆಮ್ಮಿತು, ಕಂದು ನೀರು ಉಗುಳಿತು, ಆಮೇಲೆ ತಿಳಿನೀರು ಬಂತು. ಕೊಡ, ಬಿಂದಿಗೆ, ಹಂಡೆ ಎಲ್ಲ ತುಂಬಿದೆ. ತುಂಬುವಾಗ ಯೋಚಿಸುತ್ತಿದ್ದದ್ದು ನೀರಿನ ವಿಷಯವಲ್ಲ. ಆ ಬೆಳಿಗ್ಗೆ ತುಂಬಿದ್ದ ಪೈಪುಗಳ ಒಟ್ಟು ಉದ್ದವೇ ಮೇಡಂ ಕೇಳಿದ್ದ ಮೊತ್ತ. ಮನೆಯೆಂದರೆ ಮೀನು, ಪೈಪೆಂದರೆ ಕೊಂಬೆ. ನಾನು ತಿಂಗಳುಗಟ್ಟಲೆ ಮನೆ ಮನೆಯ ಬಾಗಿಲು ತಟ್ಟಿ, ಅಲ್ಲಿಂದ ಟ್ಯಾಂಕಿನವರೆಗೆ ನಡೆದು, ಮತ್ತೆ ಹಿಂದಕ್ಕೆ ಬಂದು ಮುಂದಿನ ಬಾಗಿಲು ತಟ್ಟುತ್ತಿದ್ದೆ. ಕೇಳಬೇಕಾದದ್ದು ವಾಲ್ವನ್ನು.

ನೋಟ್‌ಬುಕ್ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆಯೇ ಬರೆಯತೊಡಗಿದೆ. ಮೊದಲು ಬಣ್ಣದ ಸಂಖ್ಯೆ: ತುದಿಯಿಂದ ಬುಡದ ಕಡೆಗೆ ಒಂದೇ ಸಲ ನಡೆದು, ಪ್ರತಿ ಕೊಂಬೆಯ ಮೇಲೂ ಅದರ ಆಚೆ ಎಷ್ಟು ಮೀನುಗಳಿವೆ ಎಂದು ಬರೆದಿಡುವುದು. ಹಾಗೆ ಬರೆದಿಟ್ಟ ಮೇಲೆ ಇನ್ನೊಂದು ವಿಷಯ ಕಂಡಿತು. ಚೀಟಿ ಎತ್ತುವುದೇ ಬೇಕಿರಲಿಲ್ಲ. ಇಡೀ ನ್ಯೂ ಟೌನಿನಲ್ಲಿ ಇಂತಿಷ್ಟು ಮನೆಯವರು ಮಾತ್ರ ಉಳಿದಿದ್ದಾರೆ, ಯಾರೆಂದು ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ನಮ್ಮ ಲೈನಿಗೆ ನೀರು ಬೇಡವಾಗುವುದು ಆರಕ್ಕೆ ಆರೂ ಮನೆ ಖಾಲಿ ಇದ್ದಾಗ ಮಾತ್ರ. ಆರೂ ಖಾಲಿ ಇರುವ ಸಂಭವ ಎಷ್ಟೆಂಬುದು ಪಿಯುಸಿಯ ಗಣಿತ. ಉಳಿದ ಸಂಭವವನ್ನು, ಅಂದರೆ ಒಂದು ಮನೆಯಲ್ಲಾದರೂ ಜನ ಇರುವ ಸಂಭವವನ್ನು, ಪೈಪಿನ ಉದ್ದದಿಂದ ಗುಣಿಸು. ಹಾಗೆ ಪ್ರತಿ ಪೈಪಿಗೂ ಒಂದು ಸಲ ಮಾಡಿ ಕೂಡು. ಸಾವಿರಾರು ಚೀಟಿ ಎತ್ತಿ ಅಂದಾಜಾಗಿ ಮುಟ್ಟಬೇಕಾಗಿದ್ದ ಸರಾಸರಿ ಒಂದೇ ನಡಿಗೆಯಲ್ಲಿ, ಅಂದಾಜಿಲ್ಲದೆ, ಸಿಗುತ್ತದೆ.

ಆ ಶುಕ್ರವಾರದ ಮಧ್ಯಾಹ್ನ ಹೊಸ ಪ್ರೋಗ್ರಾಂ ಓಡಿಸಿದೆ. ಕೀಲಿ ಒತ್ತಿ, ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಉತ್ತರ ಪರದೆಯ ಮೇಲಿತ್ತು. ತಪ್ಪಾಗಿದೆ ಎಂದೇ ಭಾವಿಸಿದೆ.

"ಏನಾಯ್ತಮ್ಮ, ಕರೆಂಟ್ ಹೋಯ್ತಾ?" ಎಂದರು ಅಟೆಂಡರ್, ನನ್ನ ಮುಖ ನೋಡಿ.

"ಇಲ್ಲ. ಮುಗೀತು."

"ಮುಗೀತಾ? ನಾನಿನ್ನೂ ಫ್ಯಾನೇ ಹಾಕಿಲ್ಲ."

ಸರಿಯೇ ಎಂದು ನೋಡಲು ನಮ್ಮ ರಸ್ತೆಯನ್ನೇ ಚಿಕ್ಕ ಮರವಾಗಿ ಬರೆದೆ. ಇಪ್ಪತ್ತನಾಲ್ಕು ಮನೆ, ನಾಲ್ಕು ಲೈನು, ಹೆಜ್ಜೆಯಲ್ಲಿ ಅಳೆದ ಉದ್ದಗಳು. ಹಳೆಯ ಪ್ರೋಗ್ರಾಮಿನಲ್ಲಿ ಚೀಟಿ ಎತ್ತಿಸಿದೆ, ಹೊಸದರಲ್ಲಿ ಒಂದೇ ಸಲ ನಡೆಸಿದೆ. ಚೀಟಿಗಳು ಹೆಚ್ಚಾದಂತೆ ಹಳೆಯದರ ಉತ್ತರ ಹೊಸದರ ಹತ್ತಿರಕ್ಕೆ ಬಂದು ನಿಂತಿತು.

ಮೇಡಂ ಕಾಗದಗಳನ್ನು ಎರಡು ಸಲ ತಿರುವಿ ನೋಡಿದರು. ಹೊಗಳಿಕೆಯಲ್ಲಿ ಅವರೂ ನನ್ನ ಹಾಗೆಯೇ ಜಿಪುಣರು. "ಸರಾಸರಿ ಸಿಕ್ತು. ಆದರೆ ಗಾಜನೂರಿನ ಮೊತ್ತ ಅದಕ್ಕಿಂತ ಜಾಸ್ತಿ ಇದ್ರೆ, ಅದು ಆಕಸ್ಮಿಕ ಅಲ್ಲ ಅಂತ ಹೇಗೆ ಹೇಳ್ತೀಯ? ಮೊತ್ತ ಸರಾಸರಿಯ ಆಚೀಚೆ ಎಷ್ಟು ಹರಡುತ್ತೆ ಅನ್ನೋದೂ ಬೇಕು" ಎಂದರು. ಅದಕ್ಕೆ ಕೊಂಬೆಗಳನ್ನು ಎರಡೆರಡಾಗಿ ಹಿಡಿದು, ಎರಡೂ ಒಟ್ಟಿಗೆ ಖಾಲಿ ಇರುವ ಸಂಭವವನ್ನು ನೋಡಬೇಕಾಯಿತು. ಹತ್ತು ದಿನ ಹಿಡಿಯಿತು. ನಡುವೆ ಒಂದು ಕಡೆ ತಾಯಿಕೊಂಬೆಯನ್ನೂ ಅದರಿಂದಲೇ ಕವಲೊಡೆದ ಮರಿಕೊಂಬೆಯನ್ನೂ ಬೇರೆ ಬೇರೆ ಮನೆತನದವೆಂದು ಎಣಿಸಿ ಎಲ್ಲವನ್ನೂ ಕೆಡಿಸಿದ್ದೆ. ಮೇ ಮುಗಿಯಲು ಮೂರು ದಿನವಿರುವಾಗ ಅದೂ ಓಡಿತು. ಯಂತ್ರಕ್ಕೆ ಹಿಡಿದ ಸಮಯ, ಒಂದು ಲೋಟ ಕಾಫಿ ಆರುವಷ್ಟು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಸೌಮ್ಯರು. ಪಟ್ಟಿಯಿಂದ ಒಂದು ಗೆಂಡೆಯನ್ನು ತೆಗೆದರೆ ಮೊತ್ತ ಹೆಚ್ಚೇನೂ ಇಳಿಯುವುದಿಲ್ಲ, ಹಾವುಮೀನನ್ನು ತೆಗೆದರೆ ಒಂದು ಇಡೀ ಕೊಂಬೆ ಹೋಗುತ್ತದೆ ಎಂದು ತೋರಿಸಿದೆ. ಅವರು ತಲೆಯಾಡಿಸಿ, ಚೀಟಿ ಬೇಡವೆಂಬ ಉಪಾಯ ಎಲ್ಲಿ ಓದಿದ್ದು ಎಂದು ಕೇಳಿದರು.

"ಓದಿದ್ದಲ್ಲ ಸರ್. ನೀರು ಬಿಡುವವರಿಂದ ಕಲಿತದ್ದು."

"ಯಾವ ನೀರು?"

"ನ್ಯೂ ಟೌನ್ ನೀರು ಸರ್. ಭದ್ರಾವತಿ."

ಮೇಡಂ ಮೇಜಿನ ಕಡೆ ನೋಡಿದರು. ಪರೀಕ್ಷಕರು ಪೆನ್ನು ಕೆಳಗಿಟ್ಟು, "ಹೇಳಮ್ಮ" ಎಂದರು. ಹೇಳಿದೆ. ಮನೆಯ ವಿಷಯವೊಂದನ್ನು ಅಷ್ಟು ಜನರ ಎದುರು ನಾನು ಹೇಳಿದ್ದು ಅದೇ ಮೊದಲು. ನೀರಿಲ್ಲದೆ ಸುಮ್ಮನೆ ಕೂತಿದ್ದ ಎರಡು ದಿನವನ್ನು ಮಾತ್ರ ಬಿಟ್ಟೆ.

ಇದೇ ದಾರಿಯನ್ನು ಬೇರೆ ಬೇರೆ ಕಡೆ ಬೇರೆಯವರೂ ಕಂಡುಕೊಂಡಿದ್ದಾರೆಂದು, ನನಗಿಂತ ಅಚ್ಚುಕಟ್ಟಾಗಿ ಬರೆದಿದ್ದಾರೆಂದು ಕೆಲವು ವರ್ಷಗಳ ಮೇಲೆ ತಿಳಿಯಿತು. ಬೇಸರವೆನಿಸಲಿಲ್ಲ. ಅವರಿಗೆ ಯಾರು ಮುಚ್ಚಳ ಎತ್ತಿ ತೋರಿಸಿದರೋ ಎಂದುಕೊಂಡೆ.

ವರದಿಯ ಕೃತಜ್ಞತೆಯ ಪುಟದಲ್ಲಿ ಮೇಡಂ, ವಿಭಾಗ, ಅಪ್ಪ ಅಮ್ಮ ಆದ ಮೇಲೆ ಮಾಮನಿಗೆ ಒಂದು ಸಾಲು ಇದೆ. ರಟ್ಟು ಹಾಕಿಸಿ ತಂದ ದಿನ ಅದನ್ನು ಅವರ ಹತ್ತಿರ ಒಯ್ದೆ. ಇಂಗ್ಲಿಷಿನಲ್ಲಿದ್ದ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದರು.

"ಮೀನಿಗೂ ನಂಗೂ ಏನಮ್ಮ ಸಂಬಂಧ? ನಾನು ಭಾನುವಾರ ತಿನ್ನೋದು, ಅಷ್ಟೇ."

ಅವರದೇ ಸೀಮೆಸುಣ್ಣ ಇಸಿದುಕೊಂಡು ಮುಚ್ಚಳದ ಮೇಲೆ ಒಂದು ಚಿಕ್ಕ ಮರ ಬರೆದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಇಷ್ಟೇನಾ?" ಎಂದರು. "ಇದನ್ನ ಕಲಿಯೋಕೆ ಎರಡು ವರ್ಷ ಬಸ್ಸಲ್ಲಿ ಹೋದ್ಯಾ? ನನ್ನ ಕೇಳಿದ್ರೆ ಮೊದಲ್ನೇ ದಿನಾನೇ ಹೇಳ್ತಿದ್ನಲ್ಲ."

"ಕೇಳೋಕೆ ಬರ್ತಿರಲಿಲ್ಲ ಮಾಮ."

"ಈಗ ಬರುತ್ತಾ?"

"ಸ್ವಲ್ಪ."

ಅವರಿಗೆ ಥ್ಯಾಂಕ್ಸ್ ಎಂದು ಹೇಳಬೇಕೆಂದೇ ಹೋಗಿದ್ದೆ. ಅದು ಬಾಯಿಗೆ ಬರಲಿಲ್ಲ, ಪುಸ್ತಕದಲ್ಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ವರ್ಷ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಊರು ಹತ್ತಿರವೇ ಆದರೂ ಅಲ್ಲೇ ಒಂದು ಕೋಣೆ ಹಿಡಿದೆ. ಹೊರಡುವ ಹಿಂದಿನ ದಿನ ರೂಢಿಯಂತೆ ನಾನೇ ಹೋಗಿ, ರಸ್ತೆಯ ವಾಲ್ವಿನ ಹತ್ತಿರ ಬಗ್ಗಿ ನಿಂತಿದ್ದ ಮಾಮನಿಗೆ ಹೇಳಿದೆ. "ಮಾಮ, ನಾಳೆಯಿಂದ ನಾನಿರಲ್ಲ. ನಮ್ಮನೇಲಿ ಒಬ್ಬರು ಕಡಿಮೆ."

ಅವರು ತಲೆ ಎತ್ತಲಿಲ್ಲ. ಕೀಲಿ ತಿರುಗಿಸುತ್ತಲೇ ಇದ್ದರು.

"ನಾನು ಜನ ಎಣಿಸಲ್ಲಮ್ಮ, ಮನೆ ಎಣಿಸೋದು. ನಿಮ್ಮಪ್ಪ ಅಮ್ಮ ಇದಾರಲ್ಲ, ಲೈನ್ ತೆಗ್ದೇ ಇರುತ್ತೆ. ನೀನು ಯಾವತ್ತು ಬಂದ್ರೂ ನೀರಿರುತ್ತೆ, ಹೋಗು."